ರೂಟ್ ಕೆನಾಲ್ ಆದ ಮೇಲೂ ನೋವೇ? ಹಲ್ಲು ಕೀಳಿಸಲು ಅವಸರ ಬೇಡ

"ರೂಟ್ ಕೆನಾಲ್ ಮಾಡಿಸಿ ಆರು ತಿಂಗಳಾಯಿತು, ಆದರೂ ಜಗಿದರೆ ನೋವು" ಎಂಬ ಮಾತು ಅನೇಕ ಮನೆಗಳಲ್ಲಿ ಕೇಳಿಬರುತ್ತದೆ. ಹಣ ದಂಡವಾಯಿತು ಎಂದು ಬೇಸತ್ತು ಹಲ್ಲು ಕೀಳಿಸಲು ಹೊರಡುವ ಮುನ್ನ ದವಡೆ ಹಲ್ಲಿನ ಬೇರುಗಳ ಬಗ್ಗೆ ಸ್ವಲ್ಪ ತಿಳಿದುಕೊಳ್ಳಿ.

ಹಲ್ಲಿನೊಳಗೆ ನರ ಮತ್ತು ರಕ್ತನಾಳಗಳಿರುವ ಮೃದುವಾದ ಭಾಗವಿದೆ. ಹುಳುಕು ಅಲ್ಲಿಗೆ ತಲುಪಿದರೆ ಆ ಭಾಗ ಕೊಳೆತು, ಬೇರಿನ ತುದಿಯಲ್ಲಿ ಕೀವು ಕಟ್ಟುತ್ತದೆ. ರೂಟ್ ಕೆನಾಲ್ ಚಿಕಿತ್ಸೆಯಲ್ಲಿ ಬೇರಿನ ನಾಳಗಳನ್ನು ಸ್ವಚ್ಛಗೊಳಿಸಿ, ಔಷಧಿಯಿಂದ ತೊಳೆದು, ಭದ್ರವಾಗಿ ಮುಚ್ಚುತ್ತಾರೆ. ಒಂದು ನಾಳ ಕಣ್ತಪ್ಪಿ ಉಳಿದರೂ ಸೋಂಕು ಅಲ್ಲೇ ಬೀಡುಬಿಡುತ್ತದೆ.

ಎಲ್ಲರ ಬೇರುಗಳೂ ಒಂದೇ ತೆರನಲ್ಲ

ಮೇಲಿನ ಮೊದಲ ದವಡೆ ಹಲ್ಲಿಗೆ ಸಾಮಾನ್ಯವಾಗಿ 3 ಬೇರುಗಳು. ಆದರೆ ಕೆನ್ನೆಯ ಕಡೆಗಿರುವ ಮುಂದಿನ ಬೇರಿನಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಇನ್ನೊಂದು ಸಣ್ಣ ನಾಳವಿರುತ್ತದೆ. ಒಟ್ಟು 4 ನಾಳಗಳು. ಹೆಚ್ಚಾಗಿ ತಪ್ಪಿಹೋಗುವುದು ಇದೇ ನಾಲ್ಕನೆಯದು.

ಕೆಳಗಿನ ಮೊದಲ ದವಡೆ ಹಲ್ಲಿಗೆ ಸಾಮಾನ್ಯವಾಗಿ 2 ಬೇರುಗಳಿರುತ್ತವೆ. ಕೆಲವರಿಗೆ ನಾಲಿಗೆಯ ಕಡೆ ಬಾಗಿದ ಮೂರನೇ ಬೇರೂ ಇರುತ್ತದೆ. ಕೆಳಗಿನ ಎರಡನೇ ದವಡೆ ಹಲ್ಲಿನಲ್ಲಿ ಕೆಲವೊಮ್ಮೆ ಬೇರುಗಳು ಕೂಡಿಕೊಂಡು, ನಾಳವು ಇಂಗ್ಲಿಷಿನ 'ಸಿ' ಅಕ್ಷರದ ಆಕಾರದಲ್ಲಿರುತ್ತದೆ. ಅದರ ಮೂಲೆಮೂಲೆಯನ್ನೂ ತೊಳೆಯುವುದು ಕಷ್ಟ. ಇವು ರೋಗಗಳಲ್ಲ, ಹುಟ್ಟಿನಿಂದ ಬಂದ ರಚನೆ.

ಏಕೆ ಕಣ್ತಪ್ಪುತ್ತವೆ?

ಸಾಮಾನ್ಯ ಎಕ್ಸ್‌ರೇ ಚಪ್ಪಟೆ ಚಿತ್ರ. ಒಂದು ಬೇರಿನ ಹಿಂದೆ ಇನ್ನೊಂದಿದ್ದರೆ ಅದು ಮರೆಯಾಗುತ್ತದೆ. ಆದ್ದರಿಂದ ವೈದ್ಯರು ಬೇರೆ ಕೋನದಿಂದ ಮತ್ತೊಂದು ಎಕ್ಸ್‌ರೇ ತೆಗೆಯುತ್ತಾರೆ. ಅಗತ್ಯವಿದ್ದರೆ ಮೂರು ಆಯಾಮದ ಸಿಬಿಸಿಟಿ ಸ್ಕ್ಯಾನ್ ಮಾಡಿಸಲು ಹೇಳುತ್ತಾರೆ, ಸೂಕ್ಷ್ಮದರ್ಶಕವನ್ನೂ ಬಳಸುತ್ತಾರೆ. ಇದನ್ನು ಅನಗತ್ಯ ಖರ್ಚೆಂದು ತಳ್ಳಿಹಾಕಬೇಡಿ.

ನೀವು ಗಮನಿಸಬೇಕಾದದ್ದು

* ಚಿಕಿತ್ಸೆಯ ನಂತರ ಕೆಲವು ದಿನ ಸ್ವಲ್ಪ ನೋವು ಸಹಜ. ನೋವು ಕಡಿಮೆಯಾಗದಿದ್ದರೆ, ಒಸಡಿನಲ್ಲಿ ಗುಳ್ಳೆ ಅಥವಾ ಕೀವು ಕಂಡರೆ ಮತ್ತೆ ತೋರಿಸಿ.
* "ಎಷ್ಟು ನಾಳಗಳು ಸಿಕ್ಕವು? ಇನ್ನೊಂದು ಇರಬಹುದೇ?" ಎಂದು ಸಂಕೋಚವಿಲ್ಲದೆ ಕೇಳಿ.
* ಉಳಿದ ನಾಳವನ್ನು ಹುಡುಕಿ ಮರುಚಿಕಿತ್ಸೆ ಮಾಡಲು ಸಾಧ್ಯವಿದೆ. ಬೇರುನಾಳ ತಜ್ಞರಾದ ಎಂಡೋಡಾಂಟಿಸ್ಟರನ್ನು ಕಾಣಿ. ನೋವಿಗೆ ಹಲ್ಲಿನ ಬಿರುಕು ಅಥವಾ ಒಸಡಿನ ರೋಗವೂ ಕಾರಣವಿರಬಹುದು. ಅದನ್ನು ಅವರೇ ಪರೀಕ್ಷಿಸಿ ಹೇಳುತ್ತಾರೆ.
* ಹಳೆಯ ಎಕ್ಸ್‌ರೇಗಳನ್ನು ಜೋಪಾನವಾಗಿಡಿ.
* ನೋವು ನಿಂತಿತೆಂದು ಚಿಕಿತ್ಸೆಯನ್ನು ಅರ್ಧಕ್ಕೆ ಬಿಡಬೇಡಿ. ವೈದ್ಯರು ಹೇಳಿದಂತೆ ಕ್ಯಾಪ್ ಹಾಕಿಸಿ. ಇಲ್ಲದಿದ್ದರೆ ದವಡೆ ಹಲ್ಲು ಸೀಳಬಹುದು.
* ಮೆಡಿಕಲ್ ಅಂಗಡಿಯಿಂದ ಮಾತ್ರೆ ತಂದು ನುಂಗುತ್ತಾ ದಿನ ದೂಡಬೇಡಿ. ನಾಳದೊಳಗಿನ ಕೊಳೆಯನ್ನು ಆ್ಯಂಟಿಬಯೋಟಿಕ್ ತೆಗೆಯಲಾರದು.

ಮುಖ ಊದಿ ಜ್ವರ ಬಂದರೆ, ಬಾಯಿ ತೆರೆಯಲು, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಕಿತ್ತ ಹಲ್ಲು ಮತ್ತೆ ಬರುವುದಿಲ್ಲ. ಉಳಿಸಬಹುದಾದ ಹಲ್ಲನ್ನು ಉಳಿಸಿಕೊಳ್ಳುವುದೇ ಮೇಲು.