ಒಂದೇ ಆಟ, ಎರಡು ಯಂತ್ರ

ಮೋಟಾರು ಪಂದ್ಯದ ವಿಡಿಯೋ ಆಟಗಳು ಇಂದಿನ ವಿದ್ಯಾರ್ಥಿಗಳಿಗೆ ಅಪರಿಚಿತವಲ್ಲ. ಇಂಥ ಆಟವೊಂದು ಕನ್ಸೋಲಿಗೆ ಒಂದು ರೂಪದಲ್ಲಿಯೂ ಕಂಪ್ಯೂಟರಿಗೆ ಇನ್ನೊಂದು ರೂಪದಲ್ಲಿಯೂ ಮಾರಾಟಕ್ಕೆ ಬರುವುದುಂಟು. ಹೆಸರು ಒಂದಾದುದರಿಂದ ಆಟವೂ ಒಂದೇ ಎಂದು ಭಾವಿಸುವುದು ಸಹಜ. ಆದರೆ ಭೇದವುಂಟು; ಅದರ ಕಾರಣವನ್ನು ಸಂಕ್ಷೇಪವಾಗಿ ವಿವರಿಸುವೆವು.

ಕನ್ಸೋಲು ಮುಖ್ಯವಾಗಿ ಆಟಕ್ಕೆಂದೇ ನಿರ್ಮಿತವಾದ ಯಂತ್ರ. ಒಂದೇ ಮಾದರಿಯ ಕನ್ಸೋಲುಗಳೆಲ್ಲ ಶಕ್ತಿಯಲ್ಲಿ ಸಮಾನವಾದುದರಿಂದ, ರಚನಕಾರರು ಆಟವನ್ನು ಅದರ ಅಳತೆಗೆ ತಕ್ಕಂತೆ ಹವಣಿಸಬಲ್ಲರು. ಕಂಪ್ಯೂಟರುಗಳಾದರೋ ಮನೆಯಿಂದ ಮನೆಗೆ ಭಿನ್ನ.

ಪರದೆಯ ಮೇಲಿನ ಚಲನೆಯು ವಾಸ್ತವವಾಗಿ ನಿಶ್ಚಲ ಚಿತ್ರಗಳ ಸಾಲು. 2016ರಲ್ಲಿ ಪ್ರಕಟವಾದ ‘ಫೋರ್ಜಾ ಹೊರೈಜನ್ 3’ ಎಂಬ ಆಟವು ಎಕ್ಸ್‌ಬಾಕ್ಸ್ ಒನ್ ಕನ್ಸೋಲಿನಲ್ಲಿ ಸೆಕೆಂಡಿಗೆ 30 ಚಿತ್ರಗಳನ್ನು ತೋರಿಸುತ್ತಿತ್ತು. ಸಮರ್ಥವಾದ ಕಂಪ್ಯೂಟರು 60ನ್ನು ತೋರಿಸಬಲ್ಲುದಾಗಿತ್ತು. ಚಿತ್ರಗಳು ಹೆಚ್ಚಿದಷ್ಟೂ ಓಟವು ನಯವಾಗಿ ಕಾಣುತ್ತದೆ.

ಹಾಗಾದರೆ ಚಿತ್ರಗಳನ್ನು ಹೆಚ್ಚಿಸಿದರೆ ಸಾಕೇ? 2013ರಲ್ಲಿ ಹೊರಬಂದ ‘ನೀಡ್ ಫಾರ್ ಸ್ಪೀಡ್: ರೈವಲ್ಸ್’ ಆಟದಲ್ಲಿ ಕಂಪ್ಯೂಟರಿಗೂ 30 ಚಿತ್ರಗಳ ಮಿತಿಯನ್ನೇ ವಿಧಿಸಲಾಗಿತ್ತು. ಕೆಲವು ಆಟಗಾರರು ಆ ಮಿತಿಯನ್ನು ಮಾತ್ರ 60ಕ್ಕೆ ಏರಿಸಿದಾಗ ಆಟವೆಲ್ಲ ಇಮ್ಮಡಿ ವೇಗದಿಂದ ಓಡತೊಡಗಿತು! ಲೆಕ್ಕ ಸರಳವಾಗಿದೆ. ಆ ಆಟವು ಪ್ರತಿ ಚಿತ್ರಕ್ಕೂ ಸೆಕೆಂಡಿನ ಮೂವತ್ತನೆಯ ಒಂದು ಭಾಗ ಕಳೆಯಿತೆಂದು ಎಣಿಸುತ್ತಿತ್ತು. 60 ಚಿತ್ರಗಳು ಮೂಡಿದೊಡನೆ ಅದರ ಎಣಿಕೆಗೆ 2 ಸೆಕೆಂಡು ಕಳೆದಂತಾಯಿತು. ಗೋಡೆಯ ಗಡಿಯಾರದಲ್ಲಿ ಕಳೆದುದು ಒಂದೇ ಸೆಕೆಂಡು. ಒಂದು ಯಂತ್ರಕ್ಕೆ ಹೊಂದಿದ ಲೆಕ್ಕವು ಇನ್ನೊಂದಕ್ಕೆ ಹೊಂದದೆ ಹೋಗುವುದು ಹೀಗೆ.

ಚಾಲನೆಯಲ್ಲಿಯೂ ವ್ಯತ್ಯಾಸವುಂಟು. ಸಾಮಾನ್ಯ ಕೀಲಿಮಣೆಯ ಗುಂಡಿಗೆ ಎರಡೇ ಸ್ಥಿತಿ: ಒತ್ತಿದ್ದು, ಬಿಟ್ಟದ್ದು. ಕನ್ಸೋಲಿನ ಕೈಹಿಡಿಯ ಗುಂಡಿಯನ್ನು ಕಾಲು, ಅರೆ, ಮುಕ್ಕಾಲು ಎಂದು ಬೇಕಾದಷ್ಟೇ ಅದುಮಬಹುದು. ತಿರುವಿನಲ್ಲಿ ವೇಗವನ್ನು ಹದವಾಗಿ ತಗ್ಗಿಸಲು ಇದೇ ಅನುಕೂಲ. ಅಂಥ ಕೈಹಿಡಿಯನ್ನು ಕಂಪ್ಯೂಟರಿಗೂ ಜೋಡಿಸಬಹುದು.

ಪಾಲಕರಿಗೆ ನಮ್ಮ ವಿಜ್ಞಾಪನೆಯಿಷ್ಟೆ. ಓದಿಗೆಂದು ತಂದ ಕಂಪ್ಯೂಟರಿನಲ್ಲಿ ಆಟ ನಡೆಯಲಿಲ್ಲವೆಂದು ಮಗುವನ್ನು ಗದರಿಸುವುದಾಗಲಿ, ಒಡನೆಯೇ ಹೊಸ ಯಂತ್ರಕ್ಕೆ ಹಣ ಸುರಿಯುವುದಾಗಲಿ ಬೇಡ. ಆಟಕ್ಕೆ ಎಷ್ಟು ಶಕ್ತಿಯ ಯಂತ್ರ ಬೇಕೆಂಬುದನ್ನು ಮಾರುವವರು ನಮೂದಿಸಿರುತ್ತಾರೆ. ಕೊಳ್ಳುವ ಮುನ್ನ ಅದನ್ನು ಮನೆಯ ಯಂತ್ರದೊಡನೆ ಹೋಲಿಸಿ ನೋಡುವ ಕೆಲಸವನ್ನು ಮಗುವಿಗೇ ವಹಿಸಿರಿ. ಹಣವೂ ಉಳಿದೀತು, ಗಣಿತದ ಪಾಠವೂ ಆದೀತು.