ಲಾಲ್‌ಬಾಗ್ ಸಸ್ಯೋದ್ಯಾನದಲ್ಲಿ ಪಕ್ಷಿ ವೀಕ್ಷಣೆ: ಸಾರ್ವಜನಿಕರ ಮಾಹಿತಿಗಾಗಿ

1760ರಲ್ಲಿ ಹೈದರಾಲಿಯಿಂದ ಆರಂಭಗೊಂಡ, 240 ಎಕರೆ ವಿಸ್ತೀರ್ಣದ ಬೆಂಗಳೂರಿನ ಲಾಲ್‌ಬಾಗ್ ಸಸ್ಯೋದ್ಯಾನವು ಹಲವು ಪಕ್ಷಿಗಳಿಗೂ ಆಶ್ರಯ ನೀಡಿದೆ. ವಾಯುವಿಹಾರಿಗಳು ಬೆಳಗಿನಲ್ಲಿ ಕೆರೆಯಂಚಿನಲ್ಲಿ ತುಸು ನಿಂತಲ್ಲಿ, ರೆಕ್ಕೆ ಹರಡಿ ಕುಳಿತ ನೀರುಕಾಗೆಯನ್ನು ಕಂಡು ಆನಂದಿಸಬಹುದು. ಮುಳುಗಿ ಮೀನು ಹಿಡಿಯುವಾಗ ಗರಿಗಳು ನೆನೆಯುವುದರಿಂದ, ಅವುಗಳನ್ನು ಅದು ಹೀಗೆ ಒಣಗಿಸಿಕೊಳ್ಳುತ್ತದೆ. ಸಮೀಪಿಸಿ ಹಾರಿಸಬಾರದಾಗಿ ಕೋರಲಾಗಿದೆ.

ಮರದಡಿ ಗರಿ ಮೂಡಿದ ಮರಿಹಕ್ಕಿ ಕಂಡುಬಂದಲ್ಲಿ ಅದನ್ನು ಅನಾಥವೆಂದು ಭಾವಿಸತಕ್ಕದ್ದಲ್ಲ. ಹಾರಲು ಕಲಿಯುವ ಮರಿಗಳು ನೆಲಕ್ಕಿಳಿಯುವುದುಂಟು. ತಾಯ್ತಂದೆ ಹಕ್ಕಿಗಳು ಸಾಮಾನ್ಯವಾಗಿ ಸನಿಹದಲ್ಲಿಯೇ ಇದ್ದು ಗುಟುಕು ನೀಡುತ್ತವೆ. ಕರುಣೆಯಿಂದ ಮನೆಗೊಯ್ದರೂ ಮರಿಗೆ ಈ ಆರೈಕೆ ತಪ್ಪುತ್ತದೆ. ನಮ್ಮ ನಾಡಿನ ಗಿಳಿಯ ಮರಿಯನ್ನು ಹಿಡಿದು ಸಾಕುವುದಂತೂ ವನ್ಯಜೀವಿ (ಸಂರಕ್ಷಣಾ) ಕಾಯಿದೆ, 1972ರನ್ವಯ ಅಪರಾಧ. ಗಾಯಗೊಂಡ ಪಕ್ಷಿ ಕಂಡಲ್ಲಿ ಉದ್ಯಾನದ ಸಿಬ್ಬಂದಿಗೆ ಕೂಡಲೇ ತಿಳಿಸುವುದು.