ಜಿನ್ಸೆಂಗ್ ಯಾರಿಗೆ ಬೇಡ?

ಕೊರಿಯಾದಿಂದಲೋ ಸಿಂಗಪುರದಿಂದಲೋ ಬಂದ ನೆಂಟರು ಜಿನ್ಸೆಂಗ್ ಡಬ್ಬಿ ಕೊಟ್ಟರೆ, ಅದು ಮನೆಯಲ್ಲಿ ಸದಾ ಸುಸ್ತು ಎನ್ನುವವರ ಪಾಲಾಗುತ್ತದೆ. ಬೇರು ತಾನೇ, ಏನಾದೀತು ಎಂಬ ಧೈರ್ಯ. ಈ ಧೈರ್ಯ ಚೀನೀ ವೈದ್ಯರಿಗೇ ಇಲ್ಲ.

ಈಶಾನ್ಯ ಚೀನಾದ ಚಾಂಗ್‌ಬಾಯ್ ಬೆಟ್ಟಸಾಲು ಮತ್ತು ಕೊರಿಯಾ ಈ ಬೇರಿನ ತವರು. ಚೀನಾದ ಅತಿ ಹಳೆಯ ಔಷಧ ಗ್ರಂಥಗಳಲ್ಲೊಂದಾದ 'ಶೆನ್‌ನೊಂಗ್ ಬೆನ್‌ಚಾವ್ ಜಿಂಗ್' ಇದನ್ನು ಮೇಲ್ದರ್ಜೆಯ ಮೂಲಿಕೆಗಳ ಸಾಲಿಗೆ ಸೇರಿಸಿದೆ. ಹಾಗೆಂದು ಎಲ್ಲರಿಗೂ ಸಲ್ಲುತ್ತದೆ ಎಂದಲ್ಲ. ಅಲ್ಲಿಯ ಪದ್ಧತಿಯಲ್ಲಿ ಬಲವರ್ಧಕ ಇರುವುದು ಕೊರತೆ ತುಂಬಲಿಕ್ಕೆ. ದೇಹದ ಚೈತನ್ಯ, ಅವರು 'ಚೀ' ಎನ್ನುವುದು, ಕುಗ್ಗಿದಾಗ ಜಿನ್ಸೆಂಗ್ ಕೊಡುತ್ತಾರೆ. ವಿಪರೀತ ರಕ್ತಸ್ರಾವವಾಗಿ ರೋಗಿ ಕುಸಿಯುತ್ತಿರುವಾಗ ಈ ಬೇರೊಂದನ್ನೇ ಕುದಿಸಿ ಕುಡಿಸುವ ಕ್ರಮವೂ ಅಲ್ಲಿತ್ತು. ಕೊರತೆ ಇಲ್ಲದವರ ಮೈಯಲ್ಲಿ ಇದು ಉಷ್ಣ ಏರಿಸುತ್ತದೆ ಎಂಬುದು ಅವರ ಎಣಿಕೆ. ಹಾಗಾಗಿ ಮುಖ ಕೆಂಪೇರಿ, ಬಾಯಿ ಒಣಗಿ, ಮಲ ಕಟ್ಟಿ, ನಾಲಿಗೆಯ ಮೇಲೆ ದಪ್ಪ ಹಳದಿ ಪದರ ಕೂತವರಿಗೆ ಕೊಡುವುದಿಲ್ಲ.

ಎಡವುವುದು ಇನ್ನೊಂದು ಗುಂಪಿನಲ್ಲಿ. ಸಂಜೆಯಾದರೆ ಮೈ ಬಿಸಿ, ರಾತ್ರಿ ಬೆವರು, ಅಂಗೈ ಅಂಗಾಲು ಉರಿ, ನಿದ್ದೆ ಇಲ್ಲ. ಇಂಥವರು ನಿಜಕ್ಕೂ ಬಳಲಿರುತ್ತಾರೆ, ಜಿನ್ಸೆಂಗ್ ತಮಗೇ ಹೇಳಿ ಮಾಡಿಸಿದ್ದು ಎಂದುಕೊಳ್ಳುತ್ತಾರೆ. ಆದರೆ ಇವರಲ್ಲಿ ಬತ್ತಿರುವುದು ತಂಪಿನ ಅಂಶ, 'ಯಿನ್'. ಬಿಸಿ ಬೇರು ಕೊಟ್ಟರೆ ಉರಿ ಹೆಚ್ಚುತ್ತದೆಂದು ಚೀನೀ ವೈದ್ಯರು ತಂಪು ಗುಣದ್ದೆಂದು ಎಣಿಸುವ ಅಮೆರಿಕನ್ ಜಿನ್ಸೆಂಗಿನ ಕಡೆ ತಿರುಗುತ್ತಾರೆ. ಕೊರಿಯಾದ ಕೆಂಪು ಜಿನ್ಸೆಂಗ್ ಹಬೆಯಲ್ಲಿ ಬೇಯಿಸಿ ಒಣಗಿಸಿದ್ದು, ಅದನ್ನು ಇನ್ನಷ್ಟು ಉಷ್ಣವೆಂದು ಲೆಕ್ಕ ಹಾಕುತ್ತಾರೆ. ಡಬ್ಬಿಯಲ್ಲಿರುವುದು ಯಾವುದು ಎಂದು ಮೊದಲು ಓದಿ.

ನೆಗಡಿ, ಜ್ವರ ಶುರುವಾದಾಗಲೂ ಬೇಡ. ಕಳ್ಳ ಒಳಗಿರುವಾಗಲೇ ಬಾಗಿಲು ಹಾಕಿದಂತೆ ಎನ್ನುತ್ತಾರೆ ಚೀನೀಯರು. ತೀರಾ ಬಲಹೀನರಿಗೆ, ಜ್ವರ ಬಿಡಿಸುವ ಮೂಲಿಕೆಗಳ ಜೊತೆಗೆ, ಸ್ವಲ್ಪ ಸೇರಿಸುವುದುಂಟು. ಅದು ನಾಡಿ ಹಿಡಿದು ನೋಡಿದ ವೈದ್ಯರ ಕೆಲಸ, ನಮ್ಮ ಅಡುಗೆಮನೆಯದಲ್ಲ.

ಜಿನ್ಸೆಂಗಿನಿಂದ ಸತ್ತರೆ ಯಾರ ಮೇಲೂ ದೂರಿಲ್ಲ, ಭೇದಿ ಮಾಡಿಸುವ ರೇವಲ್ಚಿನ್ನಿಯಿಂದ ಬದುಕಿದರೆ ಯಾರಿಗೂ ಹೊಗಳಿಕೆಯಿಲ್ಲ ಎಂಬರ್ಥದ ಗಾದೆಯೊಂದು ಚೀನಾದಲ್ಲಿದೆ. 18ನೇ ಶತಮಾನದ ವೈದ್ಯ ಶು ದಾಚುನ್, ದುಬಾರಿ ಬೇರಿನ ಈ ಮೋಹ ಮನೆತನಗಳನ್ನೇ ಹಾಳುಮಾಡುತ್ತಿದೆ ಎಂದು ಕಟುವಾಗಿ ಬರೆದಿದ್ದ. ಇಂದಿನ ಜಾಹೀರಾತುಗಳನ್ನು ನೋಡಿದರೆ ಅವನೇನು ಬರೆಯುತ್ತಿದ್ದನೋ.

ಆಧುನಿಕ ವೈದ್ಯರ ಪಟ್ಟಿ ಬೇರೆ ದಾರಿಯಿಂದ ಬಂದಿದೆ. ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುವವರು ದೂರವಿರಬೇಕು: 2004ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಅಮೆರಿಕನ್ ಜಿನ್ಸೆಂಗ್ ಆ ಮಾತ್ರೆಯ ಪರಿಣಾಮವನ್ನೇ ಕುಗ್ಗಿಸಿತ್ತು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ನಡೆಯುತ್ತಿದ್ದರೆ ಸಕ್ಕರೆ ತೀರಾ ಇಳಿಯುವ ಅಪಾಯವಿದೆ. ಶಸ್ತ್ರಚಿಕಿತ್ಸೆಗೆ ಕನಿಷ್ಠ ಒಂದು ವಾರ ಮೊದಲೇ ನಿಲ್ಲಿಸಲು ಹೇಳುತ್ತಾರೆ. ದೀರ್ಘಕಾಲ ಜಿನ್ಸೆಂಗ್ ಸೇವಿಸಿದ ಕೆಲವರಲ್ಲಿ ರಕ್ತದೊತ್ತಡ, ಚಡಪಡಿಕೆ, ನಿದ್ರಾಹೀನತೆ ಕಂಡಿತೆಂದು 1979ರಲ್ಲಿ ವರದಿಯಾಯಿತು. ಆ ಅಧ್ಯಯನಕ್ಕೆ ಹೋಲಿಕೆಯ ಗುಂಪಿರಲಿಲ್ಲ, ಅದನ್ನೇ ಕೊನೆಯ ಮಾತೆಂದು ಹಿಡಿಯಬೇಕಿಲ್ಲ. ಆದರೂ ಬಿ.ಪಿ. ಹತೋಟಿಗೆ ಬಾರದವರು, ನಿದ್ದೆ ಬಾರದವರು ಇದರ ಗೊಡವೆಗೆ ಹೋಗದಿರುವುದು ಲೇಸು. ಹಳೆಯ ವೈದ್ಯರು 'ಉಷ್ಣ' ಎಂದು ದೂರವಿಟ್ಟವರಲ್ಲಿ ಇವರೂ ಇದ್ದಿರಬಹುದು.

ಚೀನಾ ಸರ್ಕಾರ 2012ರಲ್ಲಿ, ಐದು ವರ್ಷದೊಳಗಿನ ಬೇಸಾಯದ ಜಿನ್ಸೆಂಗನ್ನು ಆಹಾರವಾಗಿ ಬಳಸಲು ಒಪ್ಪಿತು. ಆಗಲೂ ದಿನಕ್ಕೆ 3 ಗ್ರಾಂ ಮೀರಬಾರದು, ಗರ್ಭಿಣಿಯರು, ಹಾಲುಣಿಸುವ ತಾಯಂದಿರು, 14 ವರ್ಷದೊಳಗಿನ ಮಕ್ಕಳು ತಿನ್ನಬಾರದು ಎಂದಿತು.

ನಮ್ಮ ಅಂಗಡಿಗಳಲ್ಲಿ 'ಇಂಡಿಯನ್ ಜಿನ್ಸೆಂಗ್' ಎಂದು ಮಾರುವುದು ಅಶ್ವಗಂಧ, ನಮ್ಮ ಹಿರೇಮದ್ದು. ಬದನೆ, ಮೆಣಸಿನಕಾಯಿಯ ಕುಟುಂಬದ ಆ ಗಿಡಕ್ಕೂ ಜಿನ್ಸೆಂಗಿಗೂ ನಂಟಿಲ್ಲ. ಅದರ ಎಚ್ಚರಿಕೆಗಳೇ ಬೇರೆ: ಥೈರಾಯ್ಡ್ ಮಾತ್ರೆ ನುಂಗುವವರು, ಯಕೃತ್ತಿನ ತೊಂದರೆ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು.